ಇಗರ್ಜಿಯ ಮಕ್ಕಳೋ, ಗಿರಾಕಿಗಳೋ?

ಕಾರವಾರದ ಕಡೆಯ ಇಬ್ಬರು ಕ್ರೈಸ್ತರು ಪರವೂರಿನಲ್ಲಿ ಅಕಸ್ಮಾತ್ತಾಗಿ ಭೇಟಿಯಾದರೆ, ಹೆಸರು ಕೇಳಿದ ಮರುಕ್ಷಣವೇ ಬರುವ ಪ್ರಶ್ನೆ ಒಂದೇ: "ನಿಮ್ಮದು ಯಾವ ಇಗರ್ಜಿ?" ಉತ್ತರ ಸಿಕ್ಕಿತೆಂದರೆ ಸಾಕು, ಅರ್ಧ ಗಳಿಗೆಯಲ್ಲಿ ಯಾರದೋ ಸೋದರಮಾವ, ಯಾರದೋ ಜ್ಞಾನತಾಯಿ ಎಂದು ನೆಂಟಸ್ತಿಕೆಯ ಎಳೆ ದೊರೆತುಬಿಡುತ್ತದೆ. ಇಷ್ಟು ಸಲೀಸಾಗಿ ಕೇಳುವ ಈ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಅದನ್ನು ನಾವು ಕೇಳಿಕೊಳ್ಳುವುದು ಅಪರೂಪ. ಒಂದು ಇಗರ್ಜಿಗೆ 'ಸೇರಿದವರು' ಎಂದರೇನು? ದಫ್ತರದಲ್ಲಿ ಹೆಸರಿದ್ದರೆ ಸಾಕೇ? ಭಾನುವಾರಕ್ಕೊಮ್ಮೆ ಹೋಗಿ ಬಂದರೆ ಸಾಕೇ? ವಂತಿಗೆ ಕೊಟ್ಟರೆ ಸಾಕೇ? ಅಥವಾ ಇದಾವುದೂ ಇಲ್ಲದೆಯೂ ಒಬ್ಬನು ಅಲ್ಲಿಗೆ ಸೇರಿದವನಾಗಿರಬಲ್ಲನೇ?

ಇದು ಕ್ರೈಸ್ತರ ಮನೆಯ ಮಾತು, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಕೆಲವು ಮಿತ್ರರು ಕೇಳಬಹುದು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಮೂರರ ಆಸುಪಾಸು ಮಾತ್ರ. ಆದರೆ ಈ ಪ್ರಶ್ನೆ ಆ ಮೂವರದಷ್ಟೇ ಅಲ್ಲ. ಗುಡಿಯಿರಲಿ, ಮಸೀದಿಯಿರಲಿ, ಸಹಕಾರಿ ಸಂಘವಿರಲಿ, ಕೊನೆಗೆ ನಮ್ಮ ಈ ಕಾಲೇಜೇ ಇರಲಿ, ಎಲ್ಲೆಡೆಯೂ ಇದೇ ತೊಡಕು. ನೂರಕ್ಕೆ 75 ಹಾಜರಿ ತುಂಬಿಸಿ, ಮೂರು ವರ್ಷ ಕಳೆದು, ಪ್ರಮಾಣಪತ್ರ ಕೈಗೆ ಬಂದ ದಿನವೇ ಕಾಲೇಜನ್ನು ಮರೆಯುವ ವಿದ್ಯಾರ್ಥಿಯು ಕಾಲೇಜಿಗೆ ಸೇರಿದವನೇ, ಅಥವಾ ಕಾಲೇಜಿನ ಗಿರಾಕಿಯೇ? ನನಗೆ ಹತ್ತಿರದಿಂದ ಗೊತ್ತಿರುವುದು ಕಥೋಲಿಕ ಇಗರ್ಜಿಯಾದುದರಿಂದ ಅದನ್ನೇ ಹಿಡಿದು ಬರೆಯುತ್ತೇನೆ. ಓದುವವರು ತಮ್ಮ ತಮ್ಮ ಮನೆಗೆ ಅನ್ವಯಿಸಿಕೊಳ್ಳಲಿ.

ಗಿರಾಕಿ ಎಂಬ ಮಾತನ್ನು ನಾನು ಸುಮ್ಮನೆ ಬಳಸಲಿಲ್ಲ. ಒಂದು ಇಗರ್ಜಿಗೆ ಒಳಪಟ್ಟ ಊರು-ವಾಡೆಗಳ ಸಮೂಹಕ್ಕೆ ನಮ್ಮ ಕೊಂಕಣಿಯಲ್ಲಿ 'ಫಿರ್ಗಜ್' ಎನ್ನುತ್ತಾರೆ. ಇದು ಪೋರ್ಚುಗೀಸರ 'ಫ್ರೆಗೆಜಿಯ' ಎಂಬ ಮಾತು ನಮ್ಮ ನಾಲಗೆಯಲ್ಲಿ ಸವೆದ ರೂಪ. ಅಂತಹ ಸಮೂಹದ ಒಬ್ಬನಿಗೆ ಅವರು 'ಫ್ರೆಗೇಶ್' ಎಂದು ಕರೆದರು. ಅದರ ಮೂಲವು 'ಧರ್ಮಸಭೆಯ ಮಗ' ಎಂಬ ಅರ್ಥದ ಲ್ಯಾಟಿನ್ ಮಾತೆಂದು ಹೇಳುತ್ತಾರೆ. ವಿಚಿತ್ರವೆಂದರೆ ಅದೇ ಶಬ್ದವು ಪೋರ್ಚುಗೀಸರ ಪೇಟೆಯಲ್ಲಿ ಅಂಗಡಿಗೆ ಬರುವ ಖಾಯಂ ಗಿರಾಕಿಗೂ ಹೆಸರಾಯಿತು. ಮಗನೂ ಅದೇ, ಗಿರಾಕಿಯೂ ಅದೇ! ಒಂದೇ ಶಬ್ದದಲ್ಲಿ ಹೀಗೆ ಒಟ್ಟಿಗಿರುವ ಎರಡು ಅರ್ಥಗಳು ಇಂದು ನಮ್ಮ ಇಗರ್ಜಿಗಳಲ್ಲಿಯೂ ಒಟ್ಟಿಗೇ ಇವೆ. ಮಗನು ಹೋಗಿ ಗಿರಾಕಿಯಾಗುತ್ತಿದ್ದಾನೆ ಎಂಬುದೇ ನನ್ನ ಅಳಲು.

ಮೊದಲು ನಾವು ಸೇರಿದ್ದು ಯಾವುದಕ್ಕೆ ಎಂಬುದನ್ನು ನೋಡೋಣ. ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಬಹುಮಂದಿಯ ಹಿರಿಯರು ಗೋವೆಯಿಂದ ಬಂದವರು. ನನ್ನ ಅಜ್ಜಿ ಹುಟ್ಟಿದ್ದು 1950ರಲ್ಲಿ. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಇಗರ್ಜಿಯು ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಯ ಮಹಾಧರ್ಮಾಧ್ಯಕ್ಷರ ಕೈಕೆಳಗಿತ್ತು. ಅಂದರೆ ದೇಶ ಸ್ವತಂತ್ರವಾದ ಮೇಲೂ ನಮ್ಮ ಜ್ಞಾನಸ್ನಾನ, ಮದುವೆ, ಮಣ್ಣುಗಳ ಮೇಲಿನ ಅಧಿಕಾರಿ ಗಡಿಯಾಚೆ ಇದ್ದರು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಗಿ ನಾವು ಅದಕ್ಕೆ ಸೇರಿದೆವು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. 1961ರ ಡಿಸೆಂಬರಿನಲ್ಲಿ ಗೋವೆಯು ವಿಮೋಚನೆ ಹೊಂದಿತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. 1976ರಲ್ಲಿ ಕಾರವಾರವೇ ಒಂದು ಧರ್ಮಪ್ರಾಂತ್ಯವಾಗಿ, ಇಲ್ಲಿನ ಸ್ವರ್ಗಾರೋಹಣ ಮಾತೆಯ ಇಗರ್ಜಿಯು ಪ್ರಧಾನಾಲಯವಾಯಿತು. ಇಷ್ಟೆಲ್ಲ ಆಗುವಾಗ ಅಜ್ಜಿ ತಾನಿದ್ದ ವಾಡೆಯನ್ನು ಬಿಟ್ಟು ಕದಲಿರಲಿಲ್ಲ. ಆಕೆಯ ಮೇಲಿನ ಅಧಿಕಾರಿಗಳು ಬದಲಾದರು, ಮುದ್ರೆಗಳು ಬದಲಾದುವು, ಕಾಗದದ ತಲೆಬರಹ ಬದಲಾಯಿತು. ಬದಲಾಗದೆ ಉಳಿದದ್ದು ವಾಡೆಯ ಶಿಲುಬೆ ಮತ್ತು ಅದರ ಮುಂದೆ ಸಂಜೆ ಕೂಡುವ ಹತ್ತು ಮನೆಯ ಜನ. ಸೇರುವಿಕೆಯ ಬೇರು ದಫ್ತರದಲ್ಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆಶ್ಚರ್ಯವೆಂದರೆ ಧರ್ಮಸಭೆಯ ಕಾನೂನೂ ಇದೇ ಮಾತನ್ನಾಡುತ್ತದೆ. 1983ರ ಧರ್ಮಸಭಾ ಸಂಹಿತೆಯ ಪ್ರಕಾರ ಒಬ್ಬ ಕಥೋಲಿಕನ ಧರ್ಮಕೇಂದ್ರ ಯಾವುದೆಂಬುದು ಅವನ ವಾಸಸ್ಥಳದಿಂದ ನಿರ್ಧಾರವಾಗುತ್ತದೆ. ಒಂದೆಡೆ ಖಾಯಮ್ಮಾಗಿ ನಿಲ್ಲುವ ಮನಸ್ಸಿನಿಂದ ಮನೆಮಾಡಿದರೆ ಅಂದಿನಿಂದಲೇ ಅದು ಅವನ ನೆಲೆ. ಆ ಮನಸ್ಸಿಲ್ಲದಿದ್ದರೂ ಐದು ವರ್ಷ ಪೂರ್ತಿ ಇದ್ದರೆ ಆಗಲೂ ಅದೇ ನೆಲೆ. ಮೂರು ತಿಂಗಳು ನಿಲ್ಲಲು ಬಂದವನಿಗೂ ಅರೆನೆಲೆಯೊಂದು ಸಿಗುತ್ತದೆ. ಇದಕ್ಕೆ ಅರ್ಜಿಯಿಲ್ಲ, ಪರೀಕ್ಷೆಯಿಲ್ಲ, ಪ್ರವೇಶಶುಲ್ಕವಿಲ್ಲ. ಕ್ಲಬ್ಬಿನಲ್ಲಿ ಮೊದಲು ಹಣ ಕಟ್ಟಬೇಕು, ಅನಂತರ ಸದಸ್ಯತ್ವ. ಇಲ್ಲಿ ಮೊದಲು ಸೇರುವಿಕೆ, ಆಮೇಲೆ ಹೊಣೆ. ಸಭೆಯ ಖರ್ಚಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯವೆಂದು ಅದೇ ಸಂಹಿತೆ ವಿಧಿಸುತ್ತದೆ, ನಿಜ. ಆದರೆ ಬಡತನದ ಕಾರಣದಿಂದ ಯಾರಿಗೂ ಸಂಸ್ಕಾರಗಳು ತಪ್ಪದಂತೆ ನೋಡಿಕೊಳ್ಳಬೇಕೆಂದು 848ನೆಯ ಕಟ್ಟಳೆಯಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಹೊಣೆಯು ಸೇರುವಿಕೆಯ ಬೆಲೆಯಲ್ಲ, ಅದರ ಫಲ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಇಗರ್ಜಿಯು ಅಂಗಡಿಯಾಗಲು ತಡವಾಗದು.

ಹೇಗೆ ಆಗುತ್ತದೆಂಬುದಕ್ಕೆ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಕೊಲ್ಲಿ ದೇಶಕ್ಕೆ ಹೊರಟ ಒಬ್ಬ ತರುಣನಿಗೆ ಜ್ಞಾನಸ್ನಾನದ ಪ್ರಮಾಣಪತ್ರ ಬೇಕಾಗಿತ್ತು. ಆರು ವರ್ಷಗಳಿಂದ ಆತ ಇಗರ್ಜಿಯ ಮೆಟ್ಟಿಲು ಹತ್ತಿದವನಲ್ಲ. ಅಲ್ಲಿಯ ಕಾರಕೂನರು ಪುಸ್ತಕ ತೆರೆದು, "ನಿಮ್ಮ ಮನೆಯ ವಂತಿಗೆ ನಾಲ್ಕು ವರ್ಷದ್ದು ಬಾಕಿ ಇದೆ" ಎಂದರು. ಆತ ಹಣ ಎಣಿಸಿಕೊಟ್ಟ, ಇವರು ರಸೀದಿ ಹರಿದುಕೊಟ್ಟರು, ಪತ್ರ ಕೈಸೇರಿತು. ಹತ್ತು ನಿಮಿಷದ ವ್ಯವಹಾರ. ಹೊರಬರುತ್ತ ಆತ "ಇವರಿಗೆ ದುಡ್ಡೇ ದೇವರು" ಎಂದ. ಒಳಗೆ ಇವರು "ಕೆಲಸವಿದ್ದರೆ ಮಾತ್ರ ಇಗರ್ಜಿ ನೆನಪಾಗುತ್ತದೆ" ಎಂದರು. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಆ ನಾಲ್ಕು ವರ್ಷಗಳಲ್ಲಿ ಅವನ ಮನೆಗೆ ಹೋಗಿ, "ಅಪ್ಪನ ಕಾಯಿಲೆ ಹೇಗಿದೆ? ಯಾಕೆ ಕಾಣಿಸಲಿಲ್ಲ?" ಎಂದು ಯಾರಾದರೂ ಕೇಳಿದ್ದರೇ? ಇಲ್ಲ. ಬಾಕಿಯ ಲೆಕ್ಕ ಸರಿಯಾಗಿ ಇಟ್ಟಿದ್ದ ಪುಸ್ತಕದಲ್ಲಿ ಗೈರುಹಾಜರಿಯ ಲೆಕ್ಕವಿರಲಿಲ್ಲ.

ನನ್ನ ಮಟ್ಟಿಗೆ ಸೇರುವಿಕೆಯ ಒರೆಗಲ್ಲು ಇದೇ: ಒಬ್ಬನು ಬಾರದಿದ್ದಾಗ ಅದು ಯಾರಿಗಾದರೂ ಗೊತ್ತಾಗುತ್ತದೆಯೇ? ಅಂಕೋಲೆಯಂತಹ ಕಡೆ ಕ್ರೈಸ್ತರ ಮನೆಗಳು ಕಡಿಮೆ. ಒಂದು ಬೆಂಚು ಖಾಲಿಯಾದರೆ ಕಣ್ಣಿಗೆ ಹೊಡೆಯುತ್ತದೆ. ಕಾರವಾರದ ದೊಡ್ಡ ಇಗರ್ಜಿಯ ಗುಂಪಿನಲ್ಲಿ ಒಬ್ಬ ಹುಡುಗ ವರ್ಷಗಟ್ಟಲೆ ಬರದಿದ್ದರೂ ತಿಳಿಯಲಿಕ್ಕಿಲ್ಲ. ವರ್ಷಗಟ್ಟಲೆ ಬಂದರೂ ತಿಳಿಯಲಿಕ್ಕಿಲ್ಲ! ನಮ್ಮ ತರುಣರಲ್ಲಿ ಕೆಲವರು ಇಗರ್ಜಿಯನ್ನು ಬಿಟ್ಟು ಹೊಸ ಪ್ರಾರ್ಥನಾಕೂಟಗಳತ್ತ ಹೋಗುತ್ತಿದ್ದಾರೆಂದು ಹಿರಿಯರು ಸಿಟ್ಟಾಗುತ್ತಾರೆ. ತತ್ತ್ವದ ತರ್ಕವನ್ನು ಪಂಡಿತರಿಗೆ ಬಿಡೋಣ. ಹೋದವರಲ್ಲಿ ಒಬ್ಬಳನ್ನು ನಾನು ಕೇಳಿದಾಗ ಅವಳು ತತ್ತ್ವದ ಮಾತನ್ನೇ ಎತ್ತಲಿಲ್ಲ. "ಒಂದು ವಾರ ಹೋಗದಿದ್ದರೆ ಅಲ್ಲಿಂದ ಮನೆಗೆ ಬಂದು ವಿಚಾರಿಸುತ್ತಾರೆ" ಎಂದಳು. ಇದಕ್ಕೆ ಸಿಟ್ಟು ಉತ್ತರವಾಗಲಾರದು.

ಹಾಗೆಂದು ತಪ್ಪೆಲ್ಲ ಇಗರ್ಜಿಯದೆಂದು ಹೊರಿಸಿ ನಾವು ತರುಣರು ಕೈತೊಳೆದುಕೊಳ್ಳುವಂತಿಲ್ಲ. ನನ್ನ ಅಜ್ಜಿಗೆ ಓದು ಬಾರದು. ಶಿಲುಬೆಯ ಮುಂದೆ ನಡೆಯುವ ಲದಿನಿನಲ್ಲಿ ಲ್ಯಾಟಿನ್ ಉತ್ತರಗಳನ್ನು ಆಕೆ ತಪ್ಪಿಲ್ಲದೆ ಹಾಡುತ್ತಾಳೆ. ಅರ್ಥ ಕೇಳಿದರೆ ನಗುತ್ತಾಳೆ. ಆದರೆ ಮಳೆಯಿರಲಿ ಮೊಣಕಾಲು ನೋವಿರಲಿ, ಒಂದು ದಿನ ತಪ್ಪಿಸಿದವಳಲ್ಲ. ಕೊನೆಯಲ್ಲಿ ಹಂಚುವ ಬೇಯಿಸಿದ ಕಡಲೆಯಲ್ಲಿ ಒಂದು ಪಾಲನ್ನು ಬರಲಾಗದ ಮುದುಕಿಗೆ ಎತ್ತಿಡಲು ಮರೆತವಳೂ ಅಲ್ಲ. 1962ರಿಂದ 1965ರ ವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆಯು ಜನರ ಮಾತಿಗೆ ಬಂದಿತು. ಧರ್ಮಸಭೆಯೆಂದರೆ ಗುರುಗಳಷ್ಟೇ ಅಲ್ಲ, ದೇವರ ಜನತೆಯೆಲ್ಲ ಎಂದು ಆ ಮಹಾಸಭೆ ಸಾರಿತು. ಈಗ ನಮಗೆ ಪ್ರತಿಯೊಂದು ಮಾತಿನ ಅರ್ಥವೂ ಗೊತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಬಾಗಿಲು ಕಂಡವಳು ನಾನೇ ಮೊದಲು. ಅಜ್ಜಿ ಅರ್ಥವಿಲ್ಲದೆ ಹಾಡಿದ್ದನ್ನು ನಾನು ಅರ್ಥಸಹಿತ ವಿವರಿಸಬಲ್ಲೆ. ಆದರೆ ವಿವರಣೆಯು ಬರಲಾಗದವರ ಮನೆಗೆ ಕಡಲೆಯನ್ನು ಮುಟ್ಟಿಸುವುದಿಲ್ಲ. ಅರ್ಥವಿಲ್ಲದ ನಿಷ್ಠೆಗೂ ನಿಷ್ಠೆಯಿಲ್ಲದ ಅರ್ಥಕ್ಕೂ ನಡುವೆ ನಮ್ಮ ಪೀಳಿಗೆಯು ಸಿಕ್ಕಿಬಿದ್ದಿದೆ. ಎರಡನ್ನೂ ಕೂಡಿಸುವುದೇ ವಿದ್ಯಾವಂತರಾದ ನಮ್ಮ ಕೆಲಸವಲ್ಲವೇ?

ಇನ್ನು ಊರು ಬಿಟ್ಟು ಹೋಗುವವರ ಮತ್ತು ಊರಿಗೆ ಬರುವವರ ಮಾತು. ಕೊಂಕಣ ರೈಲು 1998ರಲ್ಲಿ ಪೂರ್ಣಗೊಂಡ ಮೇಲೆ ಗೋವೆಯೂ ಮುಂಬಯಿಯೂ ನಮಗೆ ಹತ್ತಿರವಾದುವು. ಕೆಲಸಕ್ಕಾಗಿ ಹೋದವರು ವರ್ಷಕ್ಕೊಮ್ಮೆ ಫೆಸ್ತಿಗೆ ಬಂದು, ದೀಪಾಲಂಕಾರಕ್ಕೂ ಬ್ಯಾಂಡಿಗೂ ಹಣ ಕೊಟ್ಟು, ಹೆಸರನ್ನು ಫಲಕದಲ್ಲಿ ಬರೆಯಿಸಿ ಹೋಗುತ್ತಾರೆ. ಅವರ ಪ್ರೀತಿಯನ್ನು ನಾನು ಹೀಯಾಳಿಸುವುದಿಲ್ಲ. ದೂರದಲ್ಲಿರುವವನಿಗೆ ಊರಿನ ಇಗರ್ಜಿಯ ಗಂಟೆಯು ತಾಯಿಯ ದನಿಯಂತೆ. ಆದರೆ ಹಣ ಕಳುಹಿಸಿದವನ ಹೆಸರು ಫಲಕದಲ್ಲಿ, ವರ್ಷವಿಡೀ ಅಂಗಳ ಗುಡಿಸಿದವಳ ಹೆಸರು ಎಲ್ಲಿಯೂ ಇಲ್ಲ ಎಂದಾದರೆ ನಮ್ಮ ಅಳತೆಗೋಲಿನಲ್ಲಿ ಏನೋ ದೋಷವಿದೆ.

ಬರುವವರ ಕಡೆಗೆ ನೋಡಿದರೆ ಈ ದೋಷ ಇನ್ನೂ ಸ್ಪಷ್ಟವಾಗುತ್ತದೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಅದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಕಡಲಂಚಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ತೋಟ, ಗುಡಿಗಳನ್ನು ಬಿಟ್ಟು ಪುನರ್ವಸತಿಯ ನಿವೇಶನಗಳಿಗೆ ಹೋಗಬೇಕಾಯಿತು. ಯಾವ ದೇವರ ಒಕ್ಕಲೇ ಇರಲಿ, ನೆರೆಹೊರೆ ಕಳೆದುಕೊಳ್ಳುವುದೆಂದರೇನೆಂದು ನಮ್ಮ ತಾಲೂಕುಗಳ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. 2005ರಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು. ಅದಕ್ಕೂ ಮೊದಲು, 2000ದಿಂದ, ಕೈಗಾದ ಅಣುವಿದ್ಯುತ್ ಸ್ಥಾವರ ನಡೆಯುತ್ತಿತ್ತು. ಇವುಗಳೊಡನೆ ಕೇರಳ, ತಮಿಳುನಾಡು, ಈಶಾನ್ಯ ರಾಜ್ಯಗಳ ಜನರೂ ಬಂದರು. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಭಾನುವಾರ ಕೊನೆಯ ಬೆಂಚಿನಲ್ಲಿ ಕುಳಿತು, ಪೂಜೆ ಮುಗಿದೊಡನೆ ಯಾರೊಡನೆಯೂ ಮಾತಾಡದೆ ಹೋಗುತ್ತಾರೆ. ಮೂರು ತಿಂಗಳಿದ್ದವನು ನಿಮ್ಮವನು ಎಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಮೂರು ವರ್ಷವಿದ್ದರೂ ನಾವು ಅವರನ್ನು 'ಹೊರಗಿನವರು' ಎನ್ನುತ್ತೇವೆ. ನಮ್ಮದೇ ಧರ್ಮಪ್ರಾಂತ್ಯದ ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಕ್ರೈಸ್ತ ಸಿದ್ದಿಗಳಿದ್ದಾರೆ. ಕರಾವಳಿಯ ನಮ್ಮಲ್ಲಿ ಎಷ್ಟು ಮಂದಿ ಅವರ ಒಂದು ಮನೆಯ ನೀರು ಕುಡಿದಿದ್ದೇವೆ? ನಮ್ಮ ಹಿರಿಯರೂ ಗೋವೆಯಿಂದ ಗಂಟು ಹೊತ್ತು ಬಂದ ಹೊರಗಿನವರೇ ಆಗಿದ್ದರು. ಅವರಿಗೆ ನೆಲೆ ಕೊಟ್ಟ ಈ ನಾಡಿನ ಋಣವನ್ನು ನಾವು ತೀರಿಸುವುದು ಬರುವವರಿಗೆ ಬೆಂಚಿನಲ್ಲಿ ಜಾಗ ಸರಿದುಕೊಟ್ಟಾಗಲೇ.

ನೆರೆಯವರಿಂದ ಕಲಿಯುವುದೂ ಉಂಟು. ವೈಶಾಖದಲ್ಲಿ ಅಂಕೋಲೆಯ ಬಂಡಿಹಬ್ಬವನ್ನು ನೋಡಿದವರಿಗೆ ಗೊತ್ತು: ಅಲ್ಲಿ ಬೇರೆ ಬೇರೆ ಸಮಾಜದವರಿಗೆ ಬೇರೆ ಬೇರೆ ಕೆಲಸವಿದೆ; ಬರಿಯ ನೋಡುಗರಿಂದ ಹಬ್ಬ ಸಾಗದು. ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಮೇಳದಲ್ಲಿ ತುರಾಯಿ ಕಟ್ಟಿದವನು ಮೇಳದೊಡನೆ ಮನೆಮನೆಯ ಅಂಗಳಕ್ಕೆ ಹೋಗಿ ಕುಣಿಯಲೇಬೇಕು. ಜಾತಿಗೊಂದು ಕೆಲಸವೆಂಬ ಹಳೆಯ ಕಟ್ಟನ್ನು ನಾನು ಹೊಗಳುತ್ತಿಲ್ಲ. ಅದರಲ್ಲಿ ಮೇಲುಕೀಳಿನ ಮುಳ್ಳೂ ಇತ್ತು, ಗೋವೆಯಿಂದ ಬರುವಾಗ ಆ ಮುಳ್ಳನ್ನು ನಾವು ಕ್ರೈಸ್ತರೂ ಜೊತೆಗೇ ತಂದಿದ್ದೇವೆ. ಆದರೆ ಕೆಲಸವಿದ್ದವನಿಗೇ ಹಬ್ಬ ತನ್ನದೆನಿಸುತ್ತದೆ ಎಂಬ ಮಾತು ಮಾತ್ರ ದಿಟ. ಕೆಲಸ ಕೊಡದೆ ನಿಷ್ಠೆಯನ್ನು ಕೇಳುವುದು ಉಳದೆ ಬೆಳೆ ಕೇಳಿದಂತೆ.

"ನಾನು ಒಳ್ಳೆಯವನಾಗಿದ್ದರೆ ಸಾಲದೇ? ದೇವರೊಡನೆ ಮಾತಾಡಲು ಇಗರ್ಜಿಯೇಕೆ? ಜನಸೇವೆಗೆ ಧರ್ಮದ ಗುಂಪೇಕೆ?" ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಪ್ರಾಮಾಣಿಕವಾದ ಪ್ರಶ್ನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಮಣ್ಣಿನಡಿಯಲ್ಲಿಯೂ ಗಂಗಾವಳಿಯ ನೀರಿನಡಿಯಲ್ಲಿಯೂ ಹುಡುಕಾಟ ಎರಡು ತಿಂಗಳಿಗೂ ಮೀರಿ ನಡೆಯಿತು. ದುರಂತದ ದಿನ ಮನುಷ್ಯತ್ವವೊಂದೇ ಸಾಕು, ಒಪ್ಪಿದೆ. ಆದರೆ ಕ್ಯಾಮೆರಾಗಳು ಹಿಂದಿರುಗಿದ ಮೇಲೆ, ನೂರನೆಯ ದಿನ, ಇನ್ನೂರನೆಯ ದಿನ, ಬಾಗಿಲು ತಟ್ಟುವವರು ಯಾರು? ಹೆಸರು ಗೊತ್ತಿದ್ದವರು, ಹೋಗಲೇಬೇಕೆಂಬ ಹೊಣೆಯನ್ನು ಮೊದಲೇ ಹೊತ್ತವರು. ಸದ್ಭಾವನೆಯು ಮಳೆಯಂತೆ, ಬಂದಾಗ ಬರುತ್ತದೆ. ನಿಷ್ಠೆಯು ಬಾವಿಯಂತೆ, ಬೇಸಗೆಯಲ್ಲಿಯೂ ಇರಬೇಕು. ಇಗರ್ಜಿಯೊಂದೇ ಅಂತಹ ಬಾವಿಯೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಅಂಗಳದಲ್ಲಿ ಹಿರಿಯರು ತೋಡಿದ ಬಾವಿ ಇರುವಾಗ ಅದನ್ನು ಪಾಳುಬಿಟ್ಟು ನೀರಿಲ್ಲವೆಂದು ದೂರುವುದು ಜಾಣತನವಲ್ಲ.

ನಿಷ್ಠೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದೂ ತಿಳಿಯಬಾರದು. ಸಭೆಯ ಹಿತಕ್ಕೆ ಸಂಬಂಧಿಸಿದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ ಎಂದು ಸಂಹಿತೆಯ 212ನೆಯ ಕಟ್ಟಳೆ ಹೇಳುತ್ತದೆ. ಜನರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕೆಂದು 1287ನೆಯದು ಹೇಳುತ್ತದೆ. 2021ರಲ್ಲಿ ಪೋಪ್ ಫ್ರಾನ್ಸಿಸರು ವಾಚಕರ ಮತ್ತು ಪೀಠಸೇವಕರ ಸೇವಾಪದವಿಗಳನ್ನು ಹೆಂಗಸರಿಗೂ ತೆರೆದರು. 2023ರ ಅಕ್ಟೋಬರಿನಲ್ಲಿ ರೋಮಿನ ಸಿನೊದಿನಲ್ಲಿ ಹೆಂಗಸರು ಮೊದಲ ಬಾರಿಗೆ ಮತ ಹಾಕಿದರು. ರೋಮಿನಲ್ಲಿ ಇಷ್ಟಾದ ಮೇಲೆ, ನಮ್ಮ ವಾಡೆಗಳಲ್ಲಿ ಗುಡಿಸುವುದು, ಹೂ ಕಟ್ಟುವುದು ಹೆಂಗಸರಿಗೆ, ತೀರ್ಮಾನಿಸುವುದು ಗಂಡಸರಿಗೆ ಎಂಬ ಪಾಲು ಎಲ್ಲಿಯವರೆಗೆ? ಪ್ರಶ್ನೆ ಕೇಳುವವಳೂ ಮನೆಯ ಮಗಳೇ. ಗಿರಾಕಿಯು ಬೇಸರವಾದರೆ ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ. ಜಗಳವಾಡಿಯೂ ಮನೆಯಲ್ಲಿ ಉಳಿಯುವವರು ಮಕ್ಕಳು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಯೋಜನೆ ಬೇಡ. ಪ್ರತಿ ವಾಡೆಯಲ್ಲಿ ಇಬ್ಬರು, ಒಬ್ಬರು ಹಿರಿಯರು, ಒಬ್ಬರು ತರುಣರು, ತಿಂಗಳಿಗೊಮ್ಮೆ ಕಾಣಿಸದವರ ಮನೆಗೆ ಹೋಗಲಿ. ವಂತಿಗೆಯ ಪುಸ್ತಕವನ್ನು ಜೊತೆಗೆ ಒಯ್ಯದೆ ಹೋಗಲಿ. ಹೊಸದಾಗಿ ಬಂದವರ ಹೆಸರು, ಊರು ಕೇಳಿ ಮೂರು ತಿಂಗಳೊಳಗೆ ಒಂದು ಕೆಲಸ ಒಪ್ಪಿಸಲಿ. ವರ್ಷಕ್ಕೊಮ್ಮೆ ಜಮಾಖರ್ಚನ್ನು ಎಲ್ಲರೆದುರು ಓದಲಿ. ಇತ್ತ ನಾವು ವಿದ್ಯಾರ್ಥಿಗಳು ವರ್ಷಕ್ಕೆ ಒಂದೇ ಒಂದು ಹೊಣೆಯನ್ನು ಹೊರೋಣ: ಹತ್ತನೆಯ ತರಗತಿಯ ಮಕ್ಕಳಿಗೆ ಸಂಜೆಯ ಪಾಠವಾಗಲಿ, ಹಾಸಿಗೆ ಹಿಡಿದವರಿಗೆ ಔಷಧ ತಂದುಕೊಡುವುದಾಗಲಿ, ಅರ್ಜಿ ಬರೆಯಲಾರದವರಿಗೆ ಬರೆದುಕೊಡುವುದಾಗಲಿ. ಆ ಮಕ್ಕಳೂ ರೋಗಿಗಳೂ ಕ್ರೈಸ್ತರೇ ಆಗಿರಬೇಕೆಂದಿಲ್ಲ. ಒಂದು ಹೊಣೆ ಸಾಕು. ಆದರೆ ವರ್ಷದ ನಡುವೆ ಕೈಬಿಡಬಾರದು.

ಇನ್ನು ಕೆಲವೇ ತಿಂಗಳಲ್ಲಿ ನಾವು ಪದವೀಧರರಾಗಿ ಚದುರುತ್ತೇವೆ. ಗೋವೆಗೆ ಹೋಗುವವರು ಹೋಗಲಿ, ಬೆಂಗಳೂರಿಗೆ ಹೋಗುವವರು ಹೋಗಲಿ. ಎಲ್ಲಿ ನಿಂತರೂ ಅಲ್ಲಿನ ಕೊನೆಯ ಬೆಂಚಿನಲ್ಲಿ ಅತಿಥಿಯಂತೆ ಕುಳಿತು ಎದ್ದು ಬರುವುದು ಬೇಡ. ಆ ಊರಿನ ಒಂದು ಕೆಲಸವನ್ನು ಕೇಳಿ ಪಡೆಯೋಣ. ನಾವು ಒಂದು ದಿನ ಬಾರದಿದ್ದರೆ "ಎಲ್ಲಿ ಅವಳು?" ಎಂದು ಯಾರಾದರೂ ಕೇಳಬೇಕು, ಇನ್ನೊಬ್ಬರು ಬಾರದಿದ್ದರೆ ನಾವೂ ಹಾಗೆಯೇ ಕೇಳಬೇಕು. ಸೇರಿದವರಾಗಿರುವುದೆಂದರೆ ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ, ಇದಕ್ಕಿಂತ ಕಡಿಮೆಯೂ ಅಲ್ಲ.